ಗೊಂಚಲಿನಲ್ಲಿ ಉಳಿದ ಕೀಲಿ



ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ರೈತರೊಬ್ಬರು ಬಿತ್ತನೆ ಬತ್ತ ಕೊಳ್ಳುತ್ತಾರೆನ್ನಿ. ಚೀಲದ ಬಾಯಿಗೆ ಹೊಲಿದ ಚೀಟಿಯನ್ನೂ ಮೊಹರನ್ನೂ ನೋಡಿಯೇ ಹಣ ಕೊಡುವುದು ಜಾಣತನ. ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಇರಿಸಿಕೊಂಡವರಿಗೂ ಇಂಥದೇ ಏರ್ಪಾಡುಂಟು. ಡೆಬಿಯನ್, ಉಬುಂಟುಗಳಲ್ಲಿ ತಂತ್ರಾಂಶಗಳನ್ನು ತರಿಸಿಕೊಡುವ ಕಾರಭಾರಿಯ ಹೆಸರು 'ಆಪ್ಟ್'. ಪ್ರತಿಯೊಂದು ತಂತ್ರಾಂಶ ಭಂಡಾರದ ಪಟ್ಟಿಗೂ ಅದರ ಒಡೆಯರ ರುಜು ಇರುತ್ತದೆ. ಆ ರುಜು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಕಡತಕ್ಕೆ 'ಕೀಲಿ' ಎಂದು ಹೆಸರು.

ಹೊರಗಿನ ಭಂಡಾರವೊಂದನ್ನು ಸೇರಿಸುತ್ತೇವೆ. ಕೆಲಸ ತೀರಿದ ಮೇಲೆ ತೆಗೆದುಹಾಕುತ್ತೇವೆ. ತಂತ್ರಾಂಶ ಹೋದರೂ ನಾವು ಕೈಯಾರೆ ಇಳಿಸಿದ ಕೀಲಿ ಅಲ್ಲಿಯೇ ಉಳಿಯುತ್ತದೆ. ಅದು ಹಿಡಿಯುವ ಜಾಗ ಅತ್ಯಲ್ಪ. ಆದರೆ ಅದರ ಅಧಿಕಾರ ಅಲ್ಪವಲ್ಲ. 'ಟ್ರಸ್ಟೆಡ್.ಜಿಪಿಜಿ.ಡಿ' ಎಂಬ ಕೋಶದಲ್ಲಿರುವ ಕೀಲಿಯು, ತನ್ನದೇ ಕೀಲಿಯನ್ನು ಹೆಸರಿಸದ ಯಾವ ಭಂಡಾರಕ್ಕಾದರೂ ಜಾಮೀನು ನಿಲ್ಲಬಲ್ಲುದು. ಅಂಗಡಿ ಮುಚ್ಚಿದ ವ್ಯಾಪಾರಿಯ ಮೊಹರು ಕಳ್ಳನ ಕೈ ಸೇರಿದರೆ, ಅದನ್ನು ಇನ್ನೂ ನಂಬುವ ಮನೆಗೆ ಕಳಪೆ ಚೀಲ ಬಂದೀತು. 2022ರ ಉಬುಂಟು 22.04, ಹಳೆಯ 'ಟ್ರಸ್ಟೆಡ್.ಜಿಪಿಜಿ' ಕಡತದ ಕೀಲಿಯನ್ನು ಬಳಸಬೇಕಾದಾಗ ಎಚ್ಚರಿಕೆ ಕೊಡುತ್ತದೆ.

ಶುಚಿಗೊಳಿಸುವ ಕ್ರಮ ಸುಲಭ. ಮೊದಲು 'ಸೋರ್ಸಸ್.ಲಿಸ್ಟ್' ಕಡತವನ್ನೂ 'ಸೋರ್ಸಸ್.ಲಿಸ್ಟ್.ಡಿ' ಕೋಶವನ್ನೂ ನೋಡಿ, ಬಳಕೆಯಲ್ಲಿರುವ ಭಂಡಾರಗಳನ್ನು ಗುರುತುಮಾಡಿಕೊಳ್ಳಿ. 'ಸೈನ್ಡ್-ಬೈ' ಎಂಬ ಮಾತಿನ ಮುಂದೆ ಆಯಾ ಭಂಡಾರದ ಕೀಲಿ ಎಲ್ಲಿದೆಯೆಂದು ಬರೆದಿರುತ್ತದೆ. ಎರಡನೆಯದಾಗಿ, ಸಂಶಯ ಬಂದ ಕೀಲಿಯ ವಿಳಾಸವನ್ನು 'ಡಿಪಿಕೆಜಿ -ಎಸ್' ಎಂಬ ಆಜ್ಞೆಗೆ ಕೊಡಿ. ಇಲ್ಲಿ ಎಸ್ ದೊಡ್ಡಕ್ಷರ. ಯಾವುದಾದರೂ ಪೊಟ್ಟಣದ ಹೆಸರು ಬಂದರೆ ಅದು ಆ ಪೊಟ್ಟಣದ ಸೊತ್ತು, ಕೈಯಿಂದ ಅಳಿಸಕೂಡದು. ವ್ಯವಸ್ಥೆಯ ಸ್ವಂತ ಕೀಲಿಗಳು ಹೋದರೆ ಭದ್ರತೆಯ ತಿದ್ದುಪಡಿಗಳೇ ನಿಂತುಹೋಗುತ್ತವೆ. ಮೂರನೆಯದಾಗಿ, ಯಾರಿಗೂ ಸೇರದ ಕೀಲಿಯನ್ನು ಒಡನೆಯೇ ಅಳಿಸದೆ ಬೇರೆಡೆ ಸರಿಸಿ, 'ಆಪ್ಟ್ ಅಪ್‌ಡೇಟ್' ನಡೆಸಿ. ಕೀಲಿ ಸಿಗಲಿಲ್ಲವೆಂಬ ದೂರು ಬಂದರೆ ಮರಳಿ ಇಡಿ, ಬಾರದಿದ್ದರೆ ಅಳಿಸಿ.

ಹೊಸ ಕೀಲಿಯನ್ನು ಸೇರಿಸುವ ಮುನ್ನ ಅದು ಬೇಕೇ ಎಂದು ಕೇಳಿಕೊಳ್ಳುವುದು ಇನ್ನೂ ಲೇಸು. ಕನ್ನಡದ 'ಗುಬ್ಬಿ', 'ನವಿಲು' ಅಕ್ಷರಶೈಲಿಗಳು ಡೆಬಿಯನ್ನಿನ ಸ್ವಂತ ಭಂಡಾರದಲ್ಲಿಯೇ ದೊರೆಯುತ್ತವೆ. ಅವಕ್ಕಾಗಿ ಪರರ ಮೊಹರನ್ನು ನಂಬಬೇಕಾಗಿಲ್ಲ. ನಂಬಿಕೆಯನ್ನು ಕೊಡುವಾಗ ಎಷ್ಟು ಎಚ್ಚರವೋ, ಕೆಲಸ ತೀರಿದ ಮೇಲೆ ಹಿಂದಕ್ಕೆ ಪಡೆಯುವಾಗಲೂ ಅಷ್ಟೇ ಎಚ್ಚರವಿರಲಿ.