ಮನೆಗೆ ಅರ್ಜಿ: ಅರ್ಹರು ಯಾರು, ಬಾಡಿಗೆ ಎಷ್ಟು?

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸರ್ಕಾರದ ಮನೆ ಪರಿಚಯವಿದ್ದವರಿಗೆ ಮಾತ್ರ ಎಂದು ನಮ್ಮಲ್ಲಿ ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಹಾಕುವವರಲ್ಲಿ ಕೆಲವರು ನಿಯಮ ತಿಳಿಯದೆ ದಲ್ಲಾಳಿಯ ಕೈಗೆ ಹಣ ಸುರಿಯುತ್ತಾರೆ. ನಿಯಮ ತಿಳಿದವನಿಗೆ ದಲ್ಲಾಳಿ ಬೇಕಿಲ್ಲ. ಆದ್ದರಿಂದ ಇಂದು ಎರಡೇ ವಿಷಯ: ಅರ್ಹತೆ ಮತ್ತು ಬಾಡಿಗೆ.

ಪಟ್ಟಣಗಳಿಗಾಗಿ ಇರುವ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೆಯ ಹಂತ 2024ರ ಸೆಪ್ಟೆಂಬರಿನಿಂದ ಐದು ವರ್ಷಗಳಿಗೆ ಜಾರಿಗೆ ಬಂದಿದೆ. ಅದರ ಲೆಕ್ಕದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಇವರಲ್ಲಿ ಯಾರ ಹೆಸರಿಗೂ ದೇಶದ ಯಾವ ಮೂಲೆಯಲ್ಲಿಯೂ ಪಕ್ಕಾ ಮನೆ ಇರಕೂಡದು. ಹೆಂಡತಿಯ ಹೆಸರಿಗೆ ಹಳ್ಳಿಯಲ್ಲಿ ಮನೆ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹಿಂದಿನ 20 ವರ್ಷಗಳಲ್ಲಿ ಆಶ್ರಯ ಮನೆಯನ್ನಾಗಲಿ, ಬೇರೆ ಸರ್ಕಾರಿ ಯೋಜನೆಯ ಮನೆಯನ್ನಾಗಲಿ ಪಡೆದವರಿಗೂ ಅವಕಾಶವಿಲ್ಲ.

ಇನ್ನು ಆದಾಯ. ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ದುಡಿಯುವ ಕುಟುಂಬ ದುರ್ಬಲ ವರ್ಗ. 3ರಿಂದ 6 ಲಕ್ಷದವರೆಗೆ ಕಡಿಮೆ ಆದಾಯದ ವರ್ಗ. 6ರಿಂದ 9 ಲಕ್ಷದವರೆಗೆ ಮಧ್ಯಮ ವರ್ಗ. ಗಂಡನಿಗೆ ದಿನಕ್ಕೆ 600 ರೂಪಾಯಿ, ಹೆಂಡತಿಗೆ 350 ರೂಪಾಯಿ ಕೂಲಿ, ತಿಂಗಳಿಗೆ 26 ದಿನ ಕೆಲಸವೆಂದರೆ ವರ್ಷಕ್ಕೆ 2,96,400 ರೂಪಾಯಿ. ಇಬ್ಬರೂ ದುಡಿದರೂ ಅವರು ಮೊದಲನೆಯ ವರ್ಗದಲ್ಲಿಯೇ ಇದ್ದಾರೆ! ವ್ಯಾಪಾರಿಗಳು ಇನ್ನೊಂದು ಮಾತು ನೆನಪಿಡಬೇಕು. ಗಲ್ಲಾಪೆಟ್ಟಿಗೆಗೆ ಬಿದ್ದ ಹಣವೆಲ್ಲ ಆದಾಯವಲ್ಲ. ಸರಕಿನ ಬೆಲೆ, ಅಂಗಡಿ ಬಾಡಿಗೆ, ಸಾಗಾಣಿಕೆ ಕಳೆದು ಉಳಿದದ್ದು ಮಾತ್ರ ಆದಾಯ. ಆ ಲೆಕ್ಕವನ್ನು ಬರೆದಿಟ್ಟುಕೊಂಡು ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಕೇಳಿ.

ಸ್ವಂತ ನಿವೇಶನವಿದ್ದು ಮನೆ ಕಟ್ಟುವ ದುರ್ಬಲ ವರ್ಗದವರಿಗೆ ಸರ್ಕಾರದ ಸಹಾಯಧನವಿದೆ. ಆದರೆ ನಿವೇಶನವೂ ಇಲ್ಲದೆ, ಕೊಳ್ಳಲು ಕಂತು ಕಟ್ಟುವ ಶಕ್ತಿಯೂ ಇಲ್ಲದೆ, ಕೆಲಸ ಸಿಕ್ಕ ಊರಿನಲ್ಲಿ ಬಾಳುವವನಿಗೆ ಬೇಕಾದದ್ದು ಬಾಡಿಗೆ ಮನೆ. 2020ರ ಲಾಕ್‌ಡೌನಿನಲ್ಲಿ ಕೂಲಿ ನಿಂತು, ಬಾಡಿಗೆ ತೆರಲಾರದೆ ಲಕ್ಷಾಂತರ ಕಾರ್ಮಿಕರು ಕಾಲ್ನಡಿಗೆಯಲ್ಲಿ ಊರು ಸೇರಿದರು. ಸರ್ಕಾರ ಬಾಡಿಗೆ ವಸತಿಯ ಯೋಜನೆ ತಂದದ್ದು ಆ ವರ್ಷ, ಅದಾದ ಮೇಲೆ. ಈಗಿನ ಹಂತದಲ್ಲಿಯೂ ಬಾಡಿಗೆ ಮನೆಗಳಿಗೆ ಅವಕಾಶವಿದೆ.

2020ರ ನಿಯಮ ಹೀಗಿತ್ತು: ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವಾಗ ಸ್ಥಳೀಯ ಸಂಸ್ಥೆ ಊರಿನ ಬಾಡಿಗೆಗಳನ್ನು ವಿಚಾರಿಸಿ ಮೊದಲ ಬಾಡಿಗೆಯನ್ನು ಗೊತ್ತುಮಾಡಬೇಕು. ಎರಡು ವರ್ಷಕ್ಕೊಮ್ಮೆ ಶೇಕಡ 8ರಷ್ಟು ಏರಿಸಬಹುದು. ಐದು ವರ್ಷದಲ್ಲಿ ಒಟ್ಟು ಏರಿಕೆ ಶೇಕಡ 20ನ್ನು ಮೀರಬಾರದು. ಮೊದಲ ಬಾಡಿಗೆ 2,000 ರೂಪಾಯಿ ಇದ್ದರೆ ಎರಡು ವರ್ಷದ ನಂತರ 2,160. ಐದು ವರ್ಷದೊಳಗೆ 2,400ನ್ನು ದಾಟುವಂತಿಲ್ಲ.

ಮಿತ್ರರೇ, ಏರಿಕೆಗೆ ಕಡಿವಾಣ ಬಿತ್ತು. ಆದರೆ ಮೊದಲ ಬಾಡಿಗೆಗೂ ನಮ್ಮ ಕೂಲಿಗೂ ನಂಟು ಹಾಕಲಿಲ್ಲ. ದೋಷವಿರುವುದು ಇಲ್ಲಿ. ಇದು ಬೇರೆ ರೀತಿಯಲ್ಲಿಯೂ ಸಾಧ್ಯ. ಆಸ್ಟ್ರಿಯಾದ ವಿಯೆನ್ನಾ ನಗರದ ಸಮಾಜವಾದಿ ಆಡಳಿತ 1923ರಲ್ಲಿ ವಸತಿ ತೆರಿಗೆ ಹಾಕಿತು. ಬಂಗಲೆಯವರಿಗೆ ಹೆಚ್ಚು, ಬಡವರಿಗೆ ಅತ್ಯಲ್ಪ. ಆ ಹಣದ ಬಲದಿಂದ 1934ರೊಳಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದವು. ಕಟ್ಟಿದ ಖರ್ಚನ್ನು ಬಾಡಿಗೆಯಲ್ಲಿ ವಸೂಲು ಮಾಡಲಿಲ್ಲ. ದುರಸ್ತಿ, ನಿರ್ವಹಣೆಗೆ ಬೇಕಾದಷ್ಟನ್ನೇ ಪಡೆದರು.

ಆದ್ದರಿಂದ ನಾವು ಮಾಡಬೇಕಾದದ್ದಿಷ್ಟು. ಮನೆಮಂದಿಯ ಆಧಾರ್, ಆದಾಯ ಪತ್ರ ಹೊಂದಿಸಿಕೊಂಡು ನಗರಸಭೆಗೆ ಗುಂಪಾಗಿ ಹೋಗಿ ಅರ್ಜಿ ಕೊಡೋಣ. ಸ್ವೀಕೃತಿ ಪತ್ರ ಪಡೆಯದೆ ಹಿಂತಿರುಗುವುದು ಬೇಡ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳೋಣ. ಬಾಡಿಗೆ ಗೊತ್ತುಮಾಡುವ ದಿನ ಮನೆ ಮಾಲೀಕರ ಮಾತಿನ ಜೊತೆಗೆ ಕೂಲಿಕಾರನ ಮಾತೂ ದಾಖಲಾಗಲೆಂದು ಒತ್ತಾಯಿಸೋಣ. ಒಬ್ಬನೇ ಕೇಳಿದರೆ ಬೇಡಿಕೆ. ಎಲ್ಲರೂ ಕೂಡಿ ಕೇಳಿದರೆ ಹಕ್ಕು.