ವ್ಯಕ್ತಿತ್ವ, ಅಂಕ ಮತ್ತು ತೃಪ್ತಿ: ಕಾಸರಗೋಡಿನ ಕಾಲೇಜು ವಿದ್ಯಾರ್ಥಿ

ಕಾಲೇಜು ಶಿಕ್ಷಣದ ಯಶಸ್ಸಿಗೆ ಎರಡು ಮುಖಗಳಿವೆ: ಒಂದು ಅಂಕಪಟ್ಟಿಯಲ್ಲಿ ಕಾಣುವ ಸಾಧನೆ, ಇನ್ನೊಂದು ಕಲಿಕೆಯಿಂದ ದೊರೆಯುವ ತೃಪ್ತಿ. ಇವೆರಡೂ ಸದಾ ಜೊತೆಯಾಗಿ ಬರುವುದಿಲ್ಲ. ಉನ್ನತ ದರ್ಜೆಯಲ್ಲಿ ತೇರ್ಗಡೆಯಾದವರಲ್ಲೂ ಕಾಲೇಜಿನ ದಿನಗಳನ್ನು ಬೇಸರದಲ್ಲೇ ಕಳೆದವರಿರುತ್ತಾರೆ. ಈ ವಿಷಯದಲ್ಲಿ ವ್ಯಕ್ತಿತ್ವದ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ.

ಮನೋವಿಜ್ಞಾನ ಇಂದು ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತದೆ: ಹೊಸತಿಗೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ ಮತ್ತು ಭಾವನಾತ್ಮಕ ಅಸ್ಥಿರತೆ. ಸಂಶೋಧಕ ಆರ್ಥರ್ ಪೊರೊಪಾಟ್ 2009ರಲ್ಲಿ 70,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಅಂಕಗಳೊಡನೆ ಹೆಚ್ಚು ಸಂಬಂಧ ತೋರಿದ್ದು ಕರ್ತವ್ಯನಿಷ್ಠೆ. ಆ ಸಹಸಂಬಂಧ ಸುಮಾರು 0.22, ಬಹುಪಾಲು ಬುದ್ಧಿಶಕ್ತಿಯನ್ನು ಅವಲಂಬಿಸದ್ದು. ತೃಪ್ತಿಯ ಕಥೆ ಬೇರೆ. ಟ್ರಾಪ್‌ಮನ್ ಮತ್ತು ಸಂಗಡಿಗರ 2007ರ ವಿಶ್ಲೇಷಣೆಯಂತೆ ಅದು ಭಾವನಾತ್ಮಕ ಅಸ್ಥಿರತೆಗೆ ಸಂಬಂಧಿಸಿದ್ದು: ಆತಂಕ ಹೆಚ್ಚಿದಲ್ಲಿ ತೃಪ್ತಿ ಕಡಿಮೆ. ಹೀಗಾಗಿ ಅಂಕಪಟ್ಟಿಯೊಂದನ್ನೇ ನೋಡುವ ಅಧ್ಯಾಪಕರಿಗೆ ವಿದ್ಯಾರ್ಥಿಯ ಅತೃಪ್ತಿ ಕಾಣಿಸದೇ ಹೋಗಬಹುದು.

ಆದರೆ ಸಹಸಂಬಂಧ 0.22 ಎಂದರೆ ಅಂಕಗಳ ವ್ಯತ್ಯಾಸದಲ್ಲಿ ಕರ್ತವ್ಯನಿಷ್ಠೆಯ ಪಾಲು, ಅಂದರೆ 0.22ರ ವರ್ಗ, ಶೇಕಡಾ 5ರಷ್ಟು ಮಾತ್ರ. ಉಳಿದುದರಲ್ಲಿ ಸಾಮರ್ಥ್ಯ, ಮನೆಯ ಸ್ಥಿತಿ, ಬೋಧನೆ, ಭಾಷೆ ಎಲ್ಲವೂ ಸೇರಿವೆ. ಕಾಸರಗೋಡಿನಲ್ಲಿ ಭಾಷೆಯ ತೂಕ ವಿಶೇಷವಾದುದು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮರುವರ್ಷ ಕಾಸರಗೋಡು ಸರಕಾರಿ ಕಾಲೇಜು ಆರಂಭವಾಯಿತು. 1980ರಲ್ಲಿ ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಕಾಲೇಜು ಬಂತು. ಮನೆಯಲ್ಲಿ ತುಳು, ಹವ್ಯಕ ಕನ್ನಡ ಇಲ್ಲವೆ ಕೊಂಕಣಿ ಆಡಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ, ಮಲಯಾಳ ವ್ಯವಹಾರ ಒಟ್ಟಿಗೇ ಎದುರಾಗುತ್ತವೆ. ಆಗಿನ ಮೌನವನ್ನು ಅಂತರ್ಮುಖತೆ ಎಂದೂ ಅಳುಕನ್ನು ಹುಟ್ಟುಗುಣವೆಂದೂ ತಿಳಿಯುವುದು ಸುಲಭ. ತನ್ನ ಮಾತಿನ ಗೆಳೆಯರ ನಡುವೆ ಅದೇ ವಿದ್ಯಾರ್ಥಿ ಯಕ್ಷಗಾನದ ಪ್ರಸಂಗವನ್ನು ನಿರರ್ಗಳವಾಗಿ ವಿವರಿಸಬಲ್ಲ. ಇಲ್ಲಿ ಬದಲಾದುದು ವ್ಯಕ್ತಿತ್ವವಲ್ಲ, ಸನ್ನಿವೇಶ.

ಆದ್ದರಿಂದ ಈ ಜಿಲ್ಲೆಯ ಅಧ್ಯಯನಕ್ಕೆ ಮೂರು ಎಚ್ಚರಗಳು ಅಗತ್ಯ. ವ್ಯಕ್ತಿತ್ವದ ಪ್ರಶ್ನಾವಳಿ ವಿದ್ಯಾರ್ಥಿ ಯೋಚಿಸುವ ಭಾಷೆಯಲ್ಲಿರಬೇಕು. ಇಲ್ಲವಾದರೆ ಅದು ಭಾಷಾಜ್ಞಾನವನ್ನೇ ಅಳೆದೀತು. ಅಂಕ ಮತ್ತು ತೃಪ್ತಿಯನ್ನು ಬೇರೆಬೇರೆಯಾಗಿ ದಾಖಲಿಸಬೇಕು. ವ್ಯಕ್ತಿತ್ವದ ಫಲಿತಾಂಶವನ್ನು ಪ್ರವೇಶಕ್ಕಾಗಲಿ ವಿಂಗಡಣೆಗಾಗಲಿ ಬಳಸಬಾರದು.

ಗುಣಗಳು ಹಣೆಬರಹವೂ ಅಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರ 2017ರ ಸಮೀಕ್ಷೆಯಲ್ಲಿ ಕೆಲವು ತಿಂಗಳ ಮನಶ್ಚಿಕಿತ್ಸೆಯಿಂದಲೂ ಭಾವನಾತ್ಮಕ ಸ್ಥಿರತೆ ಹೆಚ್ಚಿದ್ದು ಕಂಡುಬಂದಿದೆ. ಸಮಯಪಾಲನೆ, ಕೆಲಸವನ್ನು ಹಂತಹಂತವಾಗಿ ಮುಗಿಸುವ ರೂಢಿ ತರಗತಿಯಲ್ಲೇ ಬೆಳೆಯಬಲ್ಲವು. ಕನ್ನಡ, ತುಳು ಬಲ್ಲ ಆಪ್ತಸಮಾಲೋಚಕರು, ಮೊದಲ ಸೆಮಿಸ್ಟರಿನಲ್ಲಿ ಭಾಷಾ ನೆರವು, ಮೌಖಿಕ ಮಂಡನೆಯನ್ನು ತನ್ನ ಭಾಷೆಯಲ್ಲಿ ಆರಂಭಿಸುವ ಅವಕಾಶ: ಇವು ಕಾಲೇಜುಗಳ ಕೈಯಲ್ಲೇ ಇರುವ ಕ್ರಮಗಳು. ವಿದ್ಯಾರ್ಥಿಯ ಸ್ವಭಾವವನ್ನು ತೀರ್ಮಾನಿಸುವ ಮೊದಲು ಈ ಕ್ರಮಗಳನ್ನು ಕೈಗೊಳ್ಳುವುದು ಶಿಕ್ಷಣ ಸಂಸ್ಥೆಗಳ ಕರ್ತವ್ಯ.