ನೀರು ಬಿಡುವವರ ಕ್ಷೇಮವೂ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿಯ ಸಭೆಗಳಲ್ಲಿ ರಸ್ತೆ, ಚರಂಡಿ, ಬೀದಿದೀಪ, ಕ್ರಿಯಾಯೋಜನೆಗಳು ವಿಸ್ತಾರವಾಗಿ ಚರ್ಚೆಗೆ ಬರುತ್ತವೆ. ಆ ಕಾರ್ಯಗಳನ್ನು ಪ್ರತಿದಿನ ನಡೆಸುವ ಸಿಬ್ಬಂದಿಯ ವಿಷಯವಾದರೋ ಬಹುಮಟ್ಟಿಗೆ ದೂರು ಬಂದಾಗಲೇ ಪ್ರಸ್ತಾಪವಾಗುತ್ತದೆ. ಕರವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿ, ಜವಾನ, ಸ್ವಚ್ಛತಾಗಾರ, ಸ್ವಚ್ಛ ವಾಹಿನಿಯ ಚಾಲಕಿ – ಗ್ರಾಮಸ್ಥರು ದಿನವೂ ಕಾಣುವ ಪಂಚಾಯತಿ ಇವರೇ.

ನೀರುಗಂಟಿಯ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೂರು ಫೇಸ್ ವಿದ್ಯುತ್ ನಡುರಾತ್ರಿ ಬಂದರೆ ಆತ ನಡುರಾತ್ರಿಯಲ್ಲೇ ಏಳಬೇಕು. ಮೋಟಾರು ಚಾಲೂ ಮಾಡಿ, ತೊಟ್ಟಿ ತುಂಬಿಸಿ, ಬೆಳಗಾಗುತ್ತಲೇ ಓಣಿ ಓಣಿಯ ವಾಲ್ವ್ ತಿರುಗಿಸಬೇಕು. ಜಲ ಜೀವನ್ ಮಿಷನ್ ನಿಗದಿಪಡಿಸಿರುವ ತಲಾ 55 ಲೀಟರ್ ನೀರು ಮನೆ ತಲುಪುವುದು ಆತನ ಕೈಯಿಂದಲೇ. ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕುವವನೂ ಆತನೇ. ಕ್ಲೋರಿನೀಕರಿಸಿದ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಭಾರತೀಯ ಮಾನಕದ ನಿಯಮ. ಈ ಒಂದು ಕೆಲಸ ತಪ್ಪಿದರೆ ಇಡೀ ಊರಿಗೆ ವಾಂತಿಭೇದಿ ತಗಲುವ ಭಯವಿದೆ.

ಮೇಲಿನ ಓಣಿಗೆ ಮೂರು ದಿನಗಳಿಂದ ನೀರಿಲ್ಲವೆಂಬ ದೂರು ಸಭೆಗೆ ಬಂದಿತೆಂದು ಭಾವಿಸೋಣ. ನೀರುಗಂಟಿಯನ್ನು ಕರೆಸಿ ಎಲ್ಲರೆದುರು ಗದರಿಸುವುದು ಒಂದು ಮಾರ್ಗ. ಆತ ತಲೆ ತಗ್ಗಿಸಿ ನಿಲ್ಲುತ್ತಾನೆ. ಮರುದಿನ ಗದರಿಸಿದವರ ಮನೆಯ ಕಡೆಗೆ ಮೊದಲು ನೀರು ಬಿಡುತ್ತಾನೆ. ಮೇಲಿನ ಓಣಿಯ ಕೊರತೆ ಹಾಗೆಯೇ ಉಳಿಯುತ್ತದೆ. ಆತನನ್ನು ಕುಳ್ಳಿರಿಸಿ, “ಏನಪ್ಪಾ, ತೊಂದರೆ ಎಲ್ಲಿದೆ?” ಎಂದು ಕೇಳುವುದು ಇನ್ನೊಂದು ಮಾರ್ಗ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ವಿದ್ಯುತ್ ತಗಲುತ್ತಿರುವುದು, ವಾಲ್ವ್ ಗುಂಡಿಯಲ್ಲಿ ಚರಂಡಿ ನೀರು ನಿಂತಿರುವುದು, ಮಗುವನ್ನು ಆಸ್ಪತ್ರೆಗೆ ಸೇರಿಸಿದ ದಿನ ಬದಲಿ ವ್ಯಕ್ತಿ ಇಲ್ಲದಿದ್ದುದು ಆಗ ತಿಳಿದೀತು. ಈ ಮೂರನ್ನೂ ಸರಿಪಡಿಸುವ ಅಧಿಕಾರ ಇರುವುದು ಪಂಚಾಯತಿಗೆ, ನೀರುಗಂಟಿಗಲ್ಲ. ಮೊದಲನೆಯದು ಆತನ ಪ್ರಾಣದ ಪ್ರಶ್ನೆ. ಎರಡನೆಯದು ಊರಿನ ಆರೋಗ್ಯದ ಪ್ರಶ್ನೆ.

ಕಾಳಜಿ ತೋರುವುದೆಂದರೆ ಕರ್ತವ್ಯಲೋಪವನ್ನು ಸಹಿಸುವುದೆಂದಲ್ಲ. ತಪ್ಪಾದಾಗ ಕಚೇರಿಯಲ್ಲಿ ಪ್ರತ್ಯೇಕವಾಗಿ, ದಾಖಲೆಯನ್ನು ಮುಂದಿಟ್ಟುಕೊಂಡು ತಿಳಿಹೇಳಬೇಕು. ಮರುಕಳಿಸಿದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ಲಿಖಿತ ತಿಳಿವಳಿಕೆ ನೀಡಬೇಕು. ಪ್ರತಿಯೊಬ್ಬ ಸದಸ್ಯರೂ ಪ್ರತ್ಯೇಕವಾಗಿ ಆಜ್ಞೆ ಮಾಡತೊಡಗಿದರೆ ಸಿಬ್ಬಂದಿ ಯಾರ ಮಾತನ್ನು ಪಾಲಿಸಬೇಕು? ಸೂಚನೆಗಳು ಸಭೆಯ ನಿರ್ಣಯದಂತೆ ಒಂದೇ ಮಾರ್ಗದಲ್ಲಿ ಹೋಗುವುದು ಶ್ರೇಯಸ್ಕರ.

ಸ್ವಚ್ಛತಾ ಸಿಬ್ಬಂದಿಯ ವಿಷಯದಲ್ಲಿ ಕಾಳಜಿಯ ಜೊತೆಗೆ ಕಾನೂನಿನ ಹೊಣೆಯೂ ಇದೆ. ಕೈಯಿಂದ ಮಲ ಬಾಚುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಯಾರ ಒತ್ತಡವಿದ್ದರೂ ಸಿಬ್ಬಂದಿಯನ್ನು ಶೌಚಗುಂಡಿಗೆ ಇಳಿಸಕೂಡದು. ಮಹಿಳಾ ಸಿಬ್ಬಂದಿಗೆ ಲೈಂಗಿಕ ಕಿರುಕುಳದಿಂದ ರಕ್ಷಣೆ ನೀಡುವ ಕಾಯ್ದೆಯೂ ಅದೇ ವರ್ಷದ್ದು. ಹತ್ತಕ್ಕಿಂತ ಕಡಿಮೆ ಸಿಬ್ಬಂದಿ ಇರುವೆಡೆ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಸಲ್ಲಿಸಬಹುದೆಂಬುದನ್ನು ಅವರಿಗೆ ಮುಂಚಿತವಾಗಿಯೇ ತಿಳಿಸಿರಬೇಕು.

ಮುಂದಿನ ಸಭೆಯಲ್ಲಿಯೇ ಕೈಗೊಳ್ಳಬಹುದಾದ ನಾಲ್ಕು ಕ್ರಮಗಳಿವೆ. ಒಂದು, ಸಿಬ್ಬಂದಿಯ ವೇತನ ಬಾಕಿಯನ್ನು ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವುದು. ಎರಡು, ಸ್ಟಾರ್ಟರ್ ಪೆಟ್ಟಿಗೆ, ಕೈಗವಸು, ಬೂಟು, ಟಾರ್ಚುಗಳ ಸ್ಥಿತಿಯನ್ನು ಸದಸ್ಯರು ಸ್ಥಳಕ್ಕೆ ಹೋಗಿ ಪರಿಶೀಲಿಸುವುದು. ಮೂರು, ನೀರು ಬಿಡುವ ಕೆಲಸವನ್ನು ಇನ್ನೊಬ್ಬರಿಗೂ ಕಲಿಸಿ, ನೀರುಗಂಟಿಗೆ ರಜೆ ಸಿಗುವಂತೆ ಮಾಡುವುದು. ನಾಲ್ಕು, ತಿಂಗಳಿಗೊಮ್ಮೆ ಸಿಬ್ಬಂದಿಯೊಡನೆ ಅರ್ಧ ಗಂಟೆ ಕುಳಿತು, ಮೊದಲು ಅವರ ಮಾತನ್ನು ಕೇಳುವುದು.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಅನುದಾನ ಬೇಕಿಲ್ಲ. ನಡುರಾತ್ರಿ ಪಂಪಿನ ಬಳಿಗೆ ಹೋಗುವ ವ್ಯಕ್ತಿ ಬೆಳಗ್ಗೆ ಸುರಕ್ಷಿತವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದು, ಊರಿಗೆ ನೀರು ಕೊಡುವಷ್ಟೇ ಮುಖ್ಯವಾದ ಪಂಚಾಯತಿಯ ಕರ್ತವ್ಯ.